ಹೆಮ್ಮಿಗೆಯಲ್ಲಿ ಹುಯ್ದ ಮಳೆ

ನನಗೆ ಮೊದಲ ಕೆಲಸ ಸಿಕ್ಕಿದ್ದು ಮೈಸೂರಿನ ಒಂದು ಸಂಶೋಧನಾ ಯೋಜನೆಯಲ್ಲಿ. ಅದೇನು ಕೆಲಸ ಎಂದು ನಂಜನಗೂಡಿನ ನಮ್ಮ ಬೀದಿಯವರಿಗೆ ಅರ್ಥವಾಗುವ ಹಾಗೆ ಹೇಳಲು ನನಗೆ ಕೊನೆಯವರೆಗೂ ಬರಲಿಲ್ಲ. ಅಮ್ಮ ಮಾತ್ರ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದಳು: "ನಮ್ಮ ಹುಡುಗಿ ಕಂಪ್ಯೂಟರಲ್ಲಿ ಮೋಡ ನೋಡ್ತಾಳೆ."

ಇದನ್ನು ಕೇಳಿದ ಮರುದಿನವೇ ಎದುರುಮನೆಯ ಅತ್ತೆ ಗಂಜಿಯ ಪಾತ್ರೆ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದರು.

"ಏನೇ, ಇವತ್ತು ಸಂಡಿಗೆ ಹಾಕ್ಲಾ ಬೇಡ್ವಾ?"

"ಅತ್ತೆ, ನಾನು ಉಪಗ್ರಹದಿಂದ ನೋಡೋದು ಬರೋ ಮಳೆ ಅಲ್ಲ. ಬಂದು ಹೋದ ಮಳೆ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಂದು ಹೋದ ಮಳೆ ನೋಡಕ್ಕೆ ಉಪಗ್ರಹ ಯಾಕೆ ಬೇಕು? ಬಾಗ್ಲು ತೆಗೆದ್ರೆ ಕಾಣಲ್ವಾ?"

ಎಂ.ಎಸ್ಸಿ. ಓದಿದ ಎರಡು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಬಾಗಿಲು ತೆಗೆದರೆ ಕಾಣುವುದು ನಮ್ಮ ಬೀದಿಯ ಮಳೆ ಮಾತ್ರ, ಇಡೀ ನಾಡಿನ ಹೊಲ, ಕೆರೆ, ಕಾಡಿನ ಮೇಲೆ ಎಷ್ಟು ಬಿತ್ತು ಎಂದು ತಿಳಿಯಬೇಕಾದರೆ ಮೇಲಿನಿಂದಲೇ ನೋಡಬೇಕು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಸಂಡಿಗೆ ಹಾಕಲು ಮಹಡಿ ಹತ್ತಿಯಾಗಿತ್ತು.

ನಿಜ ಹೇಳಬೇಕೆಂದರೆ ಉಪಗ್ರಹಕ್ಕೆ ಮಳೆ ಕಾಣುವುದಿಲ್ಲ. ನಾವು ಬಳಸುತ್ತಿದ್ದ ಉಪಗ್ರಹಕ್ಕೆ ಕಾಣುತ್ತಿದ್ದದ್ದು ಮೋಡದ ನೆತ್ತಿ. ಆ ನೆತ್ತಿ ಎಷ್ಟು ತಣ್ಣಗಿದೆ ಎಂಬುದನ್ನು ಅದು ದೂರದಿಂದಲೇ ಅಳೆಯುತ್ತದೆ. ಮೋಡ ಎತ್ತರಕ್ಕೆ ಬೆಳೆದಷ್ಟೂ ನೆತ್ತಿ ತಣ್ಣಗಾಗುತ್ತದೆ, ಎತ್ತರದ ಮೋಡ ಸಾಮಾನ್ಯವಾಗಿ ಜೋರು ಮಳೆ ಸುರಿಸುತ್ತದೆ. ಹಾಗಾಗಿ ನೆತ್ತಿ ಇಷ್ಟು ತಣ್ಣಗಿದ್ದರೆ ಕೆಳಗೆ ಇಷ್ಟು ಮಿಲಿಮೀಟರ್ ಮಳೆ ಬಂದಿರಬೇಕು ಎಂದು ಕಂಪ್ಯೂಟರ್ ಅಂದಾಜು ಮಾಡುತ್ತದೆ. ಆ ಅಂದಾಜು ಸರಿಯೋ ತಪ್ಪೋ ಎಂದು ತಿಳಿಯಲು ನೆಲದ ಮೇಲೆ ಯಾರಾದರೂ ನಿಜವಾದ ಮಳೆಯನ್ನು ಹಿಡಿದು ಅಳೆಯಬೇಕು. ಆ ಅಳೆಯುವವರನ್ನು ಹುಡುಕಿ, ಅವರಿಗೆ ಕಲಿಸಿ, ದಿನವೂ ಫೋನ್ ಮಾಡಿ ಲೆಕ್ಕ ಪಡೆಯುವುದು ನನ್ನ ಕೆಲಸ.

ಯೋಜನೆಯ ಮುಖ್ಯಸ್ಥರನ್ನು ನಾವೆಲ್ಲ ಸರ್ ಎಂದೇ ಕರೆಯುತ್ತಿದ್ದೆವು. ಹೆಚ್ಚು ಮಾತಿನವರಲ್ಲ. ನಾನು ಮಳೆಮಾಪಕಗಳನ್ನು ಜೀಪಿಗೆ ತುಂಬಿಸುತ್ತಿದ್ದಾಗ ಹೊರಗೆ ಬಂದು ಒಂದೇ ಮಾತು ಹೇಳಿದರು. "ನೋಡಮ್ಮ, ಉಪಗ್ರಹದ ಲೆಕ್ಕ ಎಷ್ಟು ಅಂತ ಅಳೆಯೋರಿಗೆ ಯಾವತ್ತೂ ಹೇಳ್ಬೇಡ. ಅವರು ಕಂಡಿದ್ದನ್ನ ಅವರು ಹೇಳ್ಲಿ."

"ಸರಿ ಸರ್" ಎಂದೆ. ಅದು ಎಷ್ಟು ದೊಡ್ಡ ಮಾತು ಎಂದು ಆಗ ನನಗೆ ಹೊಳೆಯಲಿಲ್ಲ.

ಒಂದು ಮಾಪಕ ಹುಲ್ಲಹಳ್ಳಿಗೆ ಹೋಯಿತು. ಅಲ್ಲಿ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿಯೊಂದಿತ್ತು. ಅದರ ಮಾಲೀಕರಿಗೆ ಐವತ್ತರ ಮೇಲೆ ವಯಸ್ಸು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅಂಗಡಿಯ ಹಿಂದೆ ನಾಲೆಯ ಕಡೆಗೆ ತೆರೆದ ಜಾಗವಿತ್ತು, ಸುತ್ತ ಮರವಿಲ್ಲ, ಗೋಡೆಯಿಲ್ಲ. ಮಾಪಕ ಇಡಲು ಹೇಳಿ ಮಾಡಿಸಿದ ಹಾಗಿತ್ತು. ಆದರೆ ಅವರು ಯಾವುದನ್ನೂ ಸುಮ್ಮನೆ ಒಪ್ಪುವ ಮನುಷ್ಯರಲ್ಲ. ಮೋಡದ ನೆತ್ತಿಯ ವಿಚಾರ ಪೂರ್ತಿ ಕೇಳಿಸಿಕೊಂಡು, "ನೆತ್ತಿ ತಣ್ಣಗದೆ ಅಂತ ಮಳೆ ಬಂತು ಅನ್ಬುಟ್ರೆ ಎಂಗೆ ಮೇಡಂ? ಮೀಸೆ ಬುಟ್ಟವ್ರೆಲ್ಲ ಪೈಲ್ವಾನ್ರಾ?" ಎಂದರು.

ಇನ್ನೊಂದು ಮಾಪಕ ಹೋದದ್ದು ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಗೆ. ಅದನ್ನು ನೋಡಿಕೊಳ್ಳಲು ಒಪ್ಪಿದವರು ಅರವತ್ತು ದಾಟಿದ ಒಬ್ಬ ಹೆಂಗಸು. ನಾನು ಅವರನ್ನು ಅವ್ವ ಎನ್ನುತ್ತಿದ್ದೆ. ಎರಡು ಹಸು ಕಟ್ಟಿದ್ದರು, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಹೊಲದ ಕೆಲಸ. ಅಳತೆ ಎಂದರೆ ಅವರಿಗೆ ದೇವರ ಕೆಲಸವಿದ್ದಂತೆ. ಡೈರಿಯಲ್ಲಿ ಅವರ ಹಾಲಿನ ಬಗ್ಗೆ ಯಾರೂ ಇದುವರೆಗೆ ಒಂದು ಮಾತು ಆಡಿಲ್ಲ ಎಂದು ಮೊದಲ ದಿನವೇ ಎರಡು ಸಲ ಹೇಳಿದರು. ನೆತ್ತಿಯ ವಿಚಾರ ಅವರಿಗೆ ತಕ್ಷಣ ಹಿಡಿಸಿತು. "ಅಸ ಮಂಕಾಗ್ಯದೆ ಅಂದ್ರೆ ನಾವು ಕಿವಿ ಮುಟ್ಟಿ ನೋಡ್ತೀವಲ್ಲ, ಅಂಗೆ ಅನ್ನು ಮಗ. ಅಷ್ಟು ಎತ್ರದಲ್ಲಿ ಕುಂತ್ಕಂಡು ಎಲ್ಲಾರ್ ಕಿವಿನೂ ಮುಟ್ಟಿ ನೋಡ್ತದಲ್ಲ, ಭೇಷು!"

ಬೆಳಿಗ್ಗೆ ಎಂಟೂವರೆಗೆ ಮಾಪಕದ ಬಾಟಲಿಯಲ್ಲಿ ಸೇರಿದ ನೀರನ್ನು ಗೆರೆ ಹಾಕಿದ ಅಳತೆ ಲೋಟಕ್ಕೆ ಬಗ್ಗಿಸಿ ಎಷ್ಟಿದೆ ನೋಡಬೇಕು. ನಾನು ಒಂಬತ್ತರ ಹೊತ್ತಿಗೆ ಫೋನ್ ಮಾಡಿ ಬರೆದುಕೊಳ್ಳುತ್ತಿದ್ದೆ. ಇಷ್ಟೇ ವ್ಯವಹಾರ.

ಮೇ ತಿಂಗಳಲ್ಲೇ ಹುಲ್ಲಹಳ್ಳಿಯ ತಕರಾರು ಶುರುವಾಯಿತು. ಒಂದು ಸಂಜೆ ಭಾರಿ ಮೋಡ ಕಟ್ಟಿತ್ತು. ಮರುದಿನ ನೋಡಿದರೆ ಹುಲ್ಲಹಳ್ಳಿಯ ಮೇಲೆ ಮೂವತ್ತು ಮಿಲಿಮೀಟರ್ ಎಂದು ಉಪಗ್ರಹದ ಲೆಕ್ಕ. ಫೋನ್ ಮಾಡಿದೆ.

"ಸೊನ್ನೆ" ಎಂದರು.

"ಸರಿಯಾಗಿ ನೋಡಿದ್ರಾ?"

"ಸೊನ್ನೇಲಿ ಸರಿಯಾಗಿ ನೋಡೋದು ಏನದೆ ಮೇಡಂ? ಗುಡುಗ್ತು, ಮಿಂಚ್ತು, ನಮ್ಮೂರ್ ಕರೆಂಟ್ ಓಯ್ತು. ಮಳೆ ಮಾತ್ರ ಬರ್ನಿಲ್ಲ."

ಜೂನ್ ಬಂದ ಮೇಲೆ ಉಲ್ಟಾ. ಆಕಾಶದಲ್ಲಿ ಕೆಳಗೆ ಹರಡಿಕೊಂಡ ಬೂದು ಮೋಡ, ಉಪಗ್ರಹದ ಪ್ರಕಾರ ನೆತ್ತಿ ಬೆಚ್ಚಗಿದೆ, ಆದ್ದರಿಂದ ಮಳೆ ಸೊನ್ನೆ. ಇವರು ಫೋನಿನಲ್ಲಿ ಒಂಬತ್ತು ಎನ್ನುತ್ತಿದ್ದರು. "ರಾತ್ರಿಯಿಂದ ಸೋನೆ ಇಡ್ಕಂಡದೆ ಮೇಡಂ, ಅಂಗಡಿ ಮುಂದೆ ಕೆಸ್ರು."

ನಾನು ಏನು ಮಾಡಿದೆ? ಅವರ ಲೆಕ್ಕದ ಪಕ್ಕದಲ್ಲಿ ಕೆಂಪು ಗುರುತು ಹಾಕಿದೆ. ತಿಂಗಳ ಕೊನೆಗೆ ಪುಟಕ್ಕೆ ದಡಾರ ಎದ್ದ ಹಾಗೆ ಕಾಣುತ್ತಿತ್ತು. ಸ್ಕೂಟರ್ ಹತ್ತಿ ಹುಲ್ಲಹಳ್ಳಿಗೆ ಹೋಗಿ ಮಾಪಕದ ಬಾಯಿಯ ಆಲಿಕೆಯೊಳಗೆ ಹಕ್ಕಿ ಗೂಡು ಕಟ್ಟಿದೆಯೇ, ಬಾಟಲಿ ಸೋರುತ್ತಿದೆಯೇ, ನಾಲೆಯ ನೀರು ಸಿಡಿಯುತ್ತಿದೆಯೇ ಎಂದೆಲ್ಲ ತಪಾಸಣೆ ಮಾಡಿದೆ. ಅವರು ಕೈಕಟ್ಟಿ ನಿಂತು ನೋಡುತ್ತಿದ್ದರು.

"ನನ್ ಮೇಲೆ ಅನ್ಮಾನನಾ ಮೇಡಂ?"

"ಅನುಮಾನ ಅಲ್ಲ, ರೂಲ್ಸ್ ಪ್ರಕಾರ ಚೆಕ್ ಮಾಡ್ಬೇಕು."

"ಮೇಲಿರೋ ಅದ್ನೂ ಇಂಗೇ ಚೆಕ್ ಮಾಡ್ತೀರಾ?"

ಅವರು ಕೊಟ್ಟ ಟೀ ಕುಡಿದು ವಾಪಸು ಬಂದೆ.

ಇತ್ತ ಹೆಮ್ಮಿಗೆಯದು ಬೇರೆಯೇ ಲೋಕ. ಅವ್ವನಿಗೆ ಫೋನ್ ಮಾಡುವುದೆಂದರೆ ನನಗೆ ಹಬ್ಬ. ಹಸುವಿನ ಸಮಾಚಾರ, ಸೊಂಟನೋವಿನ ಸಮಾಚಾರ, ತಿಂಡಿ ಏನು ಎಂಬುದು ಮುಗಿದ ಮೇಲೆ ಮಳೆಗೆ ಬರುತ್ತಿದ್ದೆವು. ಮೊದಲ ವಾರದಲ್ಲೇ ಅವರು ಕೇಳಿದರು, "ಅದ್ಸರಿ ಮಗ, ನಿಮ್ದು ಎಷ್ಟು ಅಂತದೆ?"

ಸರ್ ಹೇಳಿದ್ದು ನೆನಪಿತ್ತು. ಆದರೆ ಅಷ್ಟು ಪ್ರೀತಿಯಿಂದ ಮಾತಾಡುವ ಹೆಂಗಸಿಗೆ ಒಂದು ಸಂಖ್ಯೆ ಹೇಳದಿದ್ದರೆ ಹೇಗೆ? "ಹನ್ನೊಂದು ಅಂತಿದೆ ಅವ್ವ" ಎಂದೆ.

"ತಡಿ, ನೋಡ್ಕಂಡು ಬತ್ತೀನಿ."

ಸ್ವಲ್ಪ ಹೊತ್ತಿನ ಮೇಲೆ ಏದುಸಿರು ಬಿಡುತ್ತ ಬಂದು ಹೇಳಿದರು. "ಅನ್ನೊಂದೂವರೆ ಉಯ್ದದೆ."

ಅಂದಿನಿಂದ ಅದೇ ಪದ್ಧತಿಯಾಯಿತು. ಅವರು ಕೇಳುವುದು, ನಾನು ಹೇಳುವುದು, ಅವರು ನೋಡಿಕೊಂಡು ಬರುವುದು. ಉಪಗ್ರಹ ಇಪ್ಪತ್ತು ಎಂದರೆ ಹೆಮ್ಮಿಗೆಯಲ್ಲಿ ಹತ್ತೊಂಬತ್ತು. ಉಪಗ್ರಹ ಆರು ಎಂದರೆ ಅಲ್ಲಿ ಆರೂಕಾಲು. ಸೊನ್ನೆ ಎಂದರೆ ಸೊನ್ನೆ. ಒಂದು ದಿನವೂ ದೊಡ್ಡ ವ್ಯತ್ಯಾಸವಿಲ್ಲ.

ಸರ್ ಮುಂದೆ ಹೆಮ್ಮಿಗೆಯ ಹಾಳೆ ಇಟ್ಟಾಗ ಅವರು ಕನ್ನಡಕ ಮೇಲೆತ್ತಿ ಎರಡು ಸಲ ನೋಡಿದರು. ಅವರ ಮುಖದಲ್ಲಿ ನಗು ಕಂಡದ್ದು ನಾನು ಕೆಲಸಕ್ಕೆ ಸೇರಿದ ಮೇಲೆ ಅದೇ ಮೊದಲು. "ಈ ಅರ್ಧ, ಕಾಲು ಮಿಲಿಮೀಟರ್ ವ್ಯತ್ಯಾಸ ಇದೆಯಲ್ಲ, ಇದೇ ಸಾಕ್ಷಿ. ಸುಳ್ಳು ಬರೆಯೋರು ಕಾಲು, ಅರ್ಧ ಎಲ್ಲ ಬರೆಯಲ್ಲ. ಈಕೆ ನಿಜವಾಗ್ಲೂ ಅಳೀತಿದಾರೆ" ಎಂದರು. ಮೈಸೂರಿನಲ್ಲಿ ನಡೆದ ಒಂದು ಸಭೆಯಲ್ಲಿ ಹೆಮ್ಮಿಗೆಯ ರೇಖಾಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಅವ್ವ ಮಾಪಕದ ಪಕ್ಕದಲ್ಲಿ ತಲೆ ತುಂಬ ಸೆರಗು ಹೊದ್ದು ನಿಂತ ಫೋಟೋವನ್ನೂ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸೆಪ್ಟೆಂಬರ್ ಕೊನೆಗೆ ಸರ್ ನನ್ನನ್ನು ಕರೆದರು. "ಹುಲ್ಲಹಳ್ಳಿಯವರನ್ನ ಒಂದು ದಿನ ಹೆಮ್ಮಿಗೆಗೆ ಕರ್ಕೊಂಡು ಹೋಗು. ಹೇಗೆ ಅಳೀಬೇಕು ಅಂತ ಆಕೆಯಿಂದ ಕಲಿತ್ಕೊಳ್ಳಲಿ."

ಈ ಮಾತನ್ನು ಹುಲ್ಲಹಳ್ಳಿಯವರಿಗೆ ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿದೆ. ಕೊನೆಗೆ, ಅಲ್ಲೊಬ್ಬರು ಬಹಳ ಚೆನ್ನಾಗಿ ಅಳೆಯುತ್ತಾರೆ, ಸುಮ್ಮನೆ ನೋಡಿಕೊಂಡು ಬರೋಣ ಎಂದೆ. ಅವರು ಪೆನ್ಸಿಲನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿದರು. "ಓಗವ ಬುಡಿ. ನಾನೂ ಅರವತ್ತು ಎಚ್‌ಪಿ ಮೋಟ್ರು ಬಿಚ್ಚಿ ಜೋಡಿಸ್ದವ್ನು. ಒಂದ್ ಲೋಟ ನೀರು ಎಂಗೆ ನೋಡೋದು ಅಂತ ಕಲ್ತ್ಕಂಡು ಬತ್ತೀನಿ."

ಬೆಳಿಗ್ಗೆ ಬೇಗ ಹೊರಟೆವು. ನಾನು ಸ್ಕೂಟರಿನಲ್ಲಿ, ಅವರು ತಮ್ಮ ಬೈಕಿನಲ್ಲಿ. ತಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ತಿಂದೆವು. ಅಲ್ಲಿ ಕುಳಿತೇ ಫೋನಿನಲ್ಲಿ ಆ ದಿನದ ಲೆಕ್ಕ ನೋಡಿಕೊಂಡೆ. ಹೆಮ್ಮಿಗೆಗೆ ಹದಿನಾಲ್ಕು ಮಿಲಿಮೀಟರ್. ಹೆಮ್ಮಿಗೆಯ ದಾರಿಯಲ್ಲಿ ಅವರು ಬೈಕನ್ನು ನನ್ನ ಪಕ್ಕಕ್ಕೆ ತಂದು ಕೂಗಿದರು.

"ಮೇಡಂ, ಇಲ್ಲಿ ರಾತ್ರಿ ಮಳೆ ಬಂದದಾ?"

"ಹದಿನಾಲ್ಕು ಬಂದಿದೆ."

"ಅಂಗಾದ್ರೆ ಈ ಧೂಳು ಎಲ್ಲಿಂದ ಬತ್ತದೆ?"

ನಿಜವೇ. ಮುಂದೆ ಹೋಗುತ್ತಿದ್ದ ಟ್ರಾಕ್ಟರು ಎಬ್ಬಿಸಿದ ಧೂಳಿನಲ್ಲಿ ನನ್ನ ಕಣ್ಣು ಉರಿಯುತ್ತಿತ್ತು. ಆದರೂ ನನಗೆ ಹೆಮ್ಮಿಗೆಯ ಮೇಲೆ ಎಂಥ ನಂಬಿಕೆ ಎಂದರೆ, "ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರೋ ಕಾಲ ಇದು, ಊರೊಳಗೆ ಬಂದಿರುತ್ತೆ" ಎಂದುಬಿಟ್ಟೆ.

ಒಂಬತ್ತಕ್ಕೆ ಸ್ವಲ್ಪ ಮುಂಚೆ ಅವ್ವನ ಮನೆ ತಲುಪಿದೆವು. ಅವರು ಡೈರಿಯಿಂದ ಆಗತಾನೆ ಬಂದಿದ್ದರು. ನಮ್ಮನ್ನು ನೋಡಿ ಹಿಗ್ಗಿ, ಜಗಲಿಯ ಮೇಲೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟರು. ಇವರು ಹುಲ್ಲಹಳ್ಳಿಯಲ್ಲಿ ಮಳೆ ಅಳೆಯುವವರು, ನೀವು ಹೇಗೆ ಮಾಡುತ್ತೀರಿ ಎಂದು ನೋಡಲು ಬಂದಿದ್ದಾರೆ ಎಂದೆ.

"ಅದ್ರಲ್ಲಿ ಏನದೆ ಕಣಣ್ಣ, ಬಾ ತೋರುಸ್ತೀನಿ" ಎಂದು ಎದ್ದವರು, ದಿನದ ಹಾಗೆಯೇ ನನ್ನ ಕಡೆ ತಿರುಗಿ, "ನಿಮ್ದು ಎಷ್ಟು ಅಂತದೆ ಮಗ ಇವತ್ತು?" ಎಂದರು.

"ಹದಿನಾಲ್ಕು ಅವ್ವ."

ಅವರು ಒಳಗೆ ಹೋಗಿ ಒಂದು ಚೊಂಬು ನೀರು ತಂದರು. ಕೈಕಾಲು ತೊಳೆಯಲಿಕ್ಕೆ ಇರಬೇಕು ಎಂದುಕೊಂಡೆ. ಹಿತ್ತಿಲಿಗೆ ಹೋದೆವು. ಅವರು ಮಾಪಕದ ಮೇಲ್ಭಾಗ ತೆಗೆದು ಬಾಟಲಿ ಎತ್ತಿದರು. ಒಣಗಿತ್ತು. ನಾವಿಬ್ಬರೂ ನೋಡುತ್ತಿರುವಂತೆಯೇ, ಡೈರಿಯ ಕ್ಯಾನಿಗೆ ಹಾಲು ಬಗ್ಗಿಸುವ ಅದೇ ಹದವಾದ ಕೈಯಲ್ಲಿ, ಚೊಂಬಿನಿಂದ ಬಾಟಲಿಗೆ ನೀರು ಹುಯ್ದರು. ಬೆಳಕಿಗೆ ಹಿಡಿದು ನೋಡಿ ಇನ್ನೊಂದು ತೊಟ್ಟು ಹುಯ್ದರು. ಆಮೇಲೆ ಅದನ್ನು ಅಳತೆ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ, ನಾನು ಕಲಿಸಿದ ಹಾಗೆಯೇ ಒಂದು ಕಣ್ಣು ಮುಚ್ಚಿ ಓದಿದರು.

"ಅದಿಮೂರೂವರೆ ಉಯ್ದದೆ ಕಣವ್ವ. ಬರ್ಕೋ."

ಹುಲ್ಲಹಳ್ಳಿಯವರು ನನ್ನ ಮುಖ ನೋಡಿದರು. ನಾನು ಹುಲ್ಲಿನ ಮೆದೆ ನೋಡಿದೆ. ಆಮೇಲೆ ಹುಲ್ಲಹಳ್ಳಿಯವರ ಹೊಟ್ಟೆಯಿಂದ ಒಂದು ಸದ್ದು ಎದ್ದಿತು. ಮೊದಲು ಕೆಮ್ಮು ಎಂದುಕೊಂಡೆ. ಅವರು ನೀರಿನ ತೊಟ್ಟಿಯ ಅಂಚು ಹಿಡಿದು ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕಿವಿಯ ಪೆನ್ಸಿಲ್ ತೊಟ್ಟಿಯೊಳಗೆ ಬಿತ್ತು. ಹಸು ಮೇವು ಬಿಟ್ಟು ತಲೆ ಎತ್ತಿ ನೋಡಿತು.

"ಯಾಕಣ್ಣ, ಏನಾಯ್ತು?" ಅವ್ವ ಗಾಬರಿಯಾದರು.

"ಅವ್ವ, ನೀವು ನೀರು ಹುಯ್ದ್ರಲ್ಲ?" ಎಂದೆ.

"ಊಂ, ಉಯ್ದೆ. ದಿನಾ ಉಯ್ತೀನಿ."

"ಯಾಕೆ?"

"ಕಮ್ಮಿ ಇತ್ತಲ್ಲ ಮಗ!" ಇಷ್ಟು ಓದಿದವಳಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ಅವರು ನನ್ನನ್ನು ನೋಡಿದರು. "ಮೊದುಲ್ನೇ ವಾರ ನೀನು ಅನ್ನೊಂದು ಅಂದೆ, ಇಲ್ಲಿ ನೋಡುದ್ರೆ ನಾಕೇ ಇತ್ತು. ಅಷ್ಟು ಎತ್ರದಲ್ಲಿ ಕುಂತಿರೋದು ಸುಳ್ಳು ಏಳ್ತದಾ? ನಮ್ ಡಬ್ಬನೇ ಎಲ್ಲೋ ಸೋರ್ತದೆ, ಇಲ್ಲಾ ಬಿಸ್ಲಿಗೆ ಆರೋಯ್ತದೆ ಅಂದ್ಕಂಡೆ. ಸೋರೋಗಿದ್ದ ವಾಪಸು ಉಯ್ದೆ. ಎಚ್ಚಿದ್ರೆ ಒಸಿ ಚೆಲ್ತಿದ್ದೆ."

"ಹಾಗಿದ್ರೆ ಬರೀ ನಂಬರ್ ಹೇಳಿದ್ರೆ ಆಗ್ತಿತ್ತಲ್ಲ? ಯಾಕೆ ದಿನಾ ನೀರು ಹುಯ್ಯೋ ಕಷ್ಟ?"

ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು. "ಅಳೀದೆ ಎಂಗೆ ಏಳ್ಳಿ? ನಾನು ಸುಳ್ಳು ಏಳೋಳಲ್ಲ ಕಣವ್ವ. ಲೋಟ್ದಲ್ಲಿ ಎಷ್ಟದೆಯೋ ಅಷ್ಟೇ ಏಳಿವ್ನಿ."

ಅದು ನಿಜವೇ. ನಾಲ್ಕೈದು ತಿಂಗಳು ಅವರು ನನಗೆ ಒಂದೇ ಒಂದು ಸುಳ್ಳು ಹೇಳಿರಲಿಲ್ಲ. "ಉಯ್ದದೆ" ಎಂದರೆ ಮಳೆ ಎಂದು ತಿಳಿದುಕೊಂಡದ್ದು ನಾನು. ನಮ್ಮ ಕಡೆ ಮಳೆಯೂ ಹುಯ್ಯುತ್ತದೆ, ಚೊಂಬಿನ ನೀರನ್ನೂ ಹುಯ್ಯುತ್ತಾರೆ. ಸರ್ ಮೆಚ್ಚಿದ ಆ ಕಾಲು, ಅರ್ಧ ಮಿಲಿಮೀಟರ್ ವ್ಯತ್ಯಾಸ ಚೊಂಬಿನ ಒಂದೆರಡು ತೊಟ್ಟಿನ ಹೆಚ್ಚುಕಮ್ಮಿಯಾಗಿತ್ತು.

ಹುಲ್ಲಹಳ್ಳಿಯವರು ತೊಟ್ಟಿಯಿಂದ ಪೆನ್ಸಿಲ್ ತೆಗೆದು ಶರ್ಟಿಗೆ ಒರೆಸಿಕೊಂಡು ಎದ್ದರು. ಈಗ ನನ್ನನ್ನು ಚುಚ್ಚುತ್ತಾರೆ ಎಂದು ಕಾದೆ. ಅವರು ಅವ್ವನಿಗೆ ಮಾತ್ರ ಹೇಳಿದರು. "ಅಕ್ಕ, ನಿಮ್ ಡಬ್ಬ ಸೋರಲ್ಲ. ನಾನು ನೋಡ್ದೆ, ಬೆಸುಗೆ ಗಟ್ಟಿಯಾಗೇ ಅದೆ. ಮೇಲಿರೋದೇ ಒಂದೊಂದ್ ಸತಿ ತಪ್ಪು ಏಳ್ತದೆ. ನಮ್ಮೂರಲ್ಲೂ ಅಂಗೇಯ."

"ಅಯ್ಯೋ ಶಿವನೆ, ಅಂಗಾದ್ರೆ ನಾನು ಮಳೆ ಕೆಡಿಸ್ಬುಟ್ನಾ?" ಅವ್ವ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಬಾಗಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕೆಡಿಸಿದ್ದು ನೀವಲ್ಲ, ನಾನು ಎಂದು ಸಮಾಧಾನ ಮಾಡಲು ನನಗೆ ಅರ್ಧ ಗಂಟೆ ಬೇಕಾಯಿತು. ಆ ಅರ್ಧ ಗಂಟೆಯಲ್ಲಿ ಅವರು ನಮಗೆ ರಾಗಿ ರೊಟ್ಟಿ ಸುಟ್ಟು, ಹುಚ್ಚೆಳ್ಳು ಚಟ್ನಿ ಹಾಕಿ ಬಡಿಸಿದರು. ದುಃಖದಲ್ಲೂ ಅವರ ಕೈ ನಿಲ್ಲುವುದಿಲ್ಲ.

ವಾಪಸು ಬರುವಾಗ ನರಸೀಪುರದಲ್ಲಿ ಗಾಡಿ ನಿಲ್ಲಿಸಿ, ಹುಲ್ಲಹಳ್ಳಿಯವರಿಗೆ ಕ್ಷಮೆ ಕೇಳಿದೆ. ಅವರ ಲೆಕ್ಕಕ್ಕೆಲ್ಲ ಕೆಂಪು ಗುರುತು ಹಾಕಿದ್ದನ್ನೂ ಹೇಳಿದೆ. "ಎಷ್ಟು ಆಕಿದ್ರಿ?" ಎಂದರು. ಹೇಳಿದೆ. ಅಷ್ಟು ಕೆಂಪು ಗುರುತು ತಮಗೆ ಶಾಲೆಯಲ್ಲೂ ಯಾರೂ ಹಾಕಿರಲಿಲ್ಲ ಎಂದು ಬೈಕ್ ಹತ್ತಿದರು.

ಮರುದಿನ ಸರ್ ಮುಂದೆ ನಿಂತು ಎಲ್ಲ ಹೇಳಿದೆ. ಚೊಂಬಿನವರೆಗೆ ಬಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಲಸ ಹೋಯಿತು ಎಂದೇ ಲೆಕ್ಕ ಹಾಕಿದ್ದೆ.

"ನಾನು ಹೇಳಿದ್ದೆ ಅಲ್ವಾ, ನಂಬರ್ ಹೇಳ್ಬೇಡ ಅಂತ?"

"ಹೌದು ಸರ್."

"ಆ ಸಭೇಲಿ ನಾನು ಆ ಫೋಟೋ ತೋರ್ಸಿದೀನಿ."

"ಹೌದು ಸರ್."

ಅವರ ಭುಜ ಅಲುಗಾಡತೊಡಗಿತು. ಸರ್ ನಗುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಅವರು ಸದ್ದಿಲ್ಲದೆ ನಗುವವರು, ಕಿವಿ ಕೆಂಪಾಗುತ್ತದೆ. "ಉಪಗ್ರಹಕ್ಕೂ ಆಕೆ ಚೊಂಬಿಗೂ ಎಂಥ ಹೊಂದಾಣಿಕೆ! ಸರಿ, ಹೆಮ್ಮಿಗೆದು ಪೂರ್ತಿ ತೆಗೆದುಹಾಕು. ಹುಲ್ಲಹಳ್ಳಿ ಹಾಳೆ ತಾ" ಎಂದರು.

ಕೆಂಪು ಗುರುತಿನ ಆ ಹಾಳೆಗಳನ್ನು ಹರಡಿಕೊಂಡು ಇಬ್ಬರೂ ಮಧ್ಯಾಹ್ನದವರೆಗೆ ಕುಳಿತೆವು. ದಿನದಿನದ ಮೋಡದ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದಾಗ ಆ ಮೋಟಾರಿನವರ ಲೆಕ್ಕ ಮಾತಾಡತೊಡಗಿತು. ಮೇ ತಿಂಗಳ ಆ ಸಂಜೆ ಮಳೆ ಸುರಿಸಿದ ಮೋಡ ಬೇರೆ ಕಡೆಯಿತ್ತು. ಅದರ ನೆತ್ತಿ ಮಾತ್ರ ಕೊಡೆಯ ಹಾಗೆ ಹುಲ್ಲಹಳ್ಳಿಯ ಮೇಲಕ್ಕೂ ಹರಡಿಕೊಂಡಿತ್ತು, ತಣ್ಣಗೆ, ಒಣಗಿ. ಜೂನಿನ ಸೋನೆ ಸುರಿಸಿದ್ದು ಎತ್ತರಕ್ಕೆ ಬೆಳೆಯದ ಗಿಡ್ಡ ಮೋಡಗಳು, ನೆತ್ತಿ ಬೆಚ್ಚಗಿದ್ದರೂ ಮಳೆ ಕೊಟ್ಟವು. ನಮ್ಮ ಅಂದಾಜು ಎಲ್ಲಿ ಎಡವುತ್ತದೆ ಎಂದು ತಿಳಿಯಲು ನಾವು ಹುಡುಕುತ್ತಿದ್ದದ್ದು ಇದನ್ನೇ. ನಾನು ಅದನ್ನು ನಾಲ್ಕೈದು ತಿಂಗಳಿಂದ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೆ.

ಮುಂದಿನ ವಾರ ಸರ್ ತಾವೇ ಹುಲ್ಲಹಳ್ಳಿಗೆ ಹೋಗಿ ಅವರ ಕೈಕುಲುಕಿ ಬಂದರು. ಆ ಮೋಟಾರಿನವರು ಸರ್ ಅವರನ್ನು ಸುಮ್ಮನೆ ಬಿಡಲಿಲ್ಲವಂತೆ. ಅಳತೆ ಲೋಟದಲ್ಲಿ ನೀರಿಟ್ಟು, "ಎಷ್ಟದೆ ಏಳಿ ಸಾ" ಎಂದು ಮೂರು ಸಲ ಓದಿಸಿದರಂತೆ. ಸರ್ ಎರಡು ಸಲ ಸರಿಯಾಗಿ ಹೇಳಿದರಂತೆ.

ಅವ್ವನ ಮಾಪಕವನ್ನು ತೆಗೆಯಬಾರದು ಎಂದು ನಾನು ಹಟ ಹಿಡಿದೆ. ಸರ್ ಒಪ್ಪಿದರು. ಆದರೆ ಈಗ ಬೆಳಗಿನ ಫೋನ್ ಕಷ್ಟದ್ದಾಯಿತು.

"ನಿಮ್ದು ಎಷ್ಟು ಅಂತದೆ ಮಗ?"

"ಹೇಳೋ ಹಾಗಿಲ್ಲ ಅವ್ವ. ನೀವು ಮೊದ್ಲು ಹೇಳಿ."

"ಒಸಿ ಜಾಸ್ತಿಯಾ, ಕಮ್ಮಿಯಾ, ಅಷ್ಟಾದ್ರೂ ಏಳು."

"ಅವ್ವ!"

"ಆಯ್ತು ಬುಡು. ಏಳು ಅದೆ. ಬಂದಿದ್ದೇಯ, ಉಯ್ದಿದ್ದಲ್ಲ."

ಅಂದಿನಿಂದ ಪ್ರತಿ ಲೆಕ್ಕದ ಹಿಂದೆ ಈ ಮಾತು ಸೇರಿಕೊಂಡಿತು. ಅಕ್ಟೋಬರಿನಲ್ಲಿ, ಚಿತ್ತೆ ಮಳೆಯ ಒಂದು ಬೆಳಿಗ್ಗೆ, ಅವರ ದನಿಯೇ ಬೇರೆಯಿತ್ತು. ಅಳತೆ ಲೋಟ ಎರಡು ಸಲ ತುಂಬಿ ಚೆಲ್ಲಿ, ಮೂರನೆಯ ಸಲವೂ ಅರ್ಧ ತುಂಬಿತು, ತಾವು ಮುಟ್ಟಿಲ್ಲ, ಹಸುವಿನ ಆಣೆಗೂ ಮುಟ್ಟಿಲ್ಲ ಎಂದು ಹೆದರಿಕೊಂಡೇ ಹೇಳಿದರು. ನಾನು ಬರೆದುಕೊಂಡ ಮೇಲೆ, ಈಗ ಹೇಳಬಹುದು ಎಂದು, ಉಪಗ್ರಹದ ಪ್ರಕಾರ ಅದರ ಅರ್ಧವೂ ಇಲ್ಲ ಎಂದೆ.

"ಪಾಪ" ಎಂದರು ಅವ್ವ. "ಅಷ್ಟು ದೂರದಿಂದ ಅದ್ಕಾದ್ರೂ ಎಷ್ಟು ಕಂಡದು? ಅದ್ನ ಬೈಬ್ಯಾಡಿ ಮಗ."

ನಾಲ್ಕಾರು ದಿನಗಳ ನಂತರ ಒಂಬತ್ತಕ್ಕೆ ಫೋನ್ ಮಾಡಿದರೆ ಹೆಮ್ಮಿಗೆಯ ಲೈನ್ ಬಿಜಿ. ಹುಲ್ಲಹಳ್ಳಿಗೆ ಮಾಡಿದೆ, ಅದೂ ಬಿಜಿ. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಹುಲ್ಲಹಳ್ಳಿಯವರು ಸಿಕ್ಕಾಗ ವಿಚಾರಿಸಿದೆ.

"ಅಕ್ಕನ ಜೊತೆ ಮಾತಾಡ್ತಿದ್ದೆ ಮೇಡಂ. ದಿನಾ ಬೆಳಿಗ್ಗೆ ಫೋನ್ ಮಾಡಿ ನಿಮ್ಮೂರಲ್ಲಿ ಎಷ್ಟು ಅಂತ ಕೇಳ್ತವ್ರೆ."

"ನೀವು ಹೇಳ್ತೀರಾ?"

"ನಾನ್ಯಾಕೆ ಏಳ್ಳಿ? ನೀವು ಮೊದ್ಲು ಏಳಿ ಅಂತೀನಿ. ಅವ್ರು ನೀನ್ ಮೊದ್ಲು ಏಳು ಅಂತವ್ರೆ. ಅದೇ ಇಷ್ಟೊತ್ತು ಆಯ್ತದೆ."